ಕಾಲಿಗೆ ಗೊತ್ತಾಗಬೇಕು

ಸೋಮವಾರ
ಗ್ಯಾರೇಜಿನ ಮಹಡಿಯ ಕೋಣೆ

ಅಮ್ಮಾ,

ಹೇಗಿದ್ದೀಯ? ಅಪ್ಪ ತಂದುಕೊಟ್ಟ ಕೋಲನ್ನು ಮೂಲೆಗೆ ಒರಗಿಸಿಟ್ಟು ಇನ್ನೂ ಗೋಡೆ ಹಿಡಿದೇ ನಡೆಯುತ್ತಿದ್ದೀಯಂತೆ. ಹಟಮಾರಿ. ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ತಿನ್ನುತ್ತಿದ್ದೇನೆ.

ಚೆನ್ನಾಗಿಲ್ಲದ್ದು ನನ್ನ ಬ್ರೇಕ್ ಮಾತ್ರ. ಜೋರಾಗಿ ಓಡಿಸುವುದು ಯಾರಿಗಾದರೂ ಬರುತ್ತದೆ. ತಿರುವಿಗೆ ಮೊದಲು ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಸ್ಟೀರಿಂಗ್ ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಬಿಡಬೇಕು, ಕಷ್ಟ ಇರುವುದು ಅಲ್ಲಿ. ಕಲಿಸುವ ಮೇಷ್ಟ್ರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಬ್ರೇಕಿನ ಜಗ್ಗಿಗೆ ಅವರ ತಲೆ ತೂಗಿದರೆ ನಾನು ಕೆಟ್ಟೆ ಎಂದರ್ಥ. ಈಗಂತೂ ನನ್ನ ಮಾತಿಗೆಲ್ಲ ಹೌದು ಹೌದು ಎನ್ನುವ ಹಾಗೆ ತೂಗುತ್ತಲೇ ಇರುತ್ತದೆ.

ಹೋದ ವರ್ಷ ಹೀಗಿರಲಿಲ್ಲ. ಟ್ರ್ಯಾಕ್ ಸುತ್ತುವಾಗ ಅವರು ನನ್ನ ಪಕ್ಕದಲ್ಲೇ ನಿದ್ದೆ ಹೋಗಿದ್ದರು, ಅದನ್ನು ಎಲ್ಲರಿಗೂ ಹೇಳಿಕೊಂಡು ಮೆರೆದಿದ್ದೆ. ಈ ಶನಿವಾರ ಓಡಿಸಿ ನೋಡಿ ರೇಸ್ ತಂಡಕ್ಕೆ ಒಬ್ಬರನ್ನು ಆರಿಸುತ್ತಾರೆ. ಇಷ್ಟು ವರ್ಷ ಕಾದದ್ದು ಅದಕ್ಕೇ.

ಮೊದಲು ಪೆಡಲ್ ಸರಿಯಿಲ್ಲ ಎಂದು ಮೆಕ್ಯಾನಿಕ್ ಅಣ್ಣನ ಜೊತೆ ಜಗಳವಾಡಿದೆ. ಅವನು ಎಲ್ಲ ಬಿಚ್ಚಿ ನೋಡಿ, ಮತ್ತೆ ಜೋಡಿಸಿ, ಏನೂ ಆಗಿಲ್ಲ ಎಂದ. ಆಮೇಲೆ ತಪ್ಪನ್ನು ಬೂಟಿನ ಮೇಲೆ ಹಾಕಿ ತೆಳು ಅಟ್ಟೆಯದು ಕೊಂಡೆ. ನಿನ್ನೆ ಮೇಷ್ಟ್ರು ಕಾರು ನಿಲ್ಲಿಸಲು ಹೇಳಿ ಕಣ್ಣು ತೆರೆದರು. "ಪೆಡಲ್ ಕಡೆ ಯಾಕಮ್ಮ ಬಗ್ಗಿ ಬಗ್ಗಿ ನೋಡ್ತೀಯ? ಅದು ಕಾಲಿಗೆ ಗೊತ್ತಾಗ್ಬೇಕು" ಎಂದರು. ನಾನು ಸುಮ್ಮನೆ ನಕ್ಕೆ.

ಅಜ್ಜಿಯಿಂದ ನಿನಗೆ ಬಂದ, ಅಂಗಾಲಿನ ಸ್ಪರ್ಶವನ್ನೇ ತಿನ್ನುವ ಕಾಯಿಲೆ ನಿನಗೇ ಕೊನೆಯಾಯಿತು, ನನ್ನನ್ನು ಬಿಟ್ಟಿತು ಎಂದು ಹೋದ ಪತ್ರದಲ್ಲೂ ಬರೆದಿದ್ದೆ. ನಿನಗೆ ಅದೊಂದೇ ನೆಮ್ಮದಿ, ನನಗೆ ಗೊತ್ತು. ನೀನು ಒಂದೇ ಚಪ್ಪಲಿಯಲ್ಲಿ ಕೆಲಸದಿಂದ ಮನೆಗೆ ಬಂದ ಸಂಜೆ ಯಾಕೋ ನೆನಪಾಯಿತು. ಇನ್ನೊಂದು ಎಲ್ಲಿ ಕಳಚಿತೆಂದು ನಿನಗೇ ತಿಳಿದಿರಲಿಲ್ಲ. ನಾವೆಲ್ಲ ಎಷ್ಟು ನಕ್ಕಿದ್ದೆವು. ಆಗ ಯಾರಿಗೆ ಗೊತ್ತಿತ್ತು.

ನನಗೆ ಭಯವಾಗುತ್ತಿದೆ ಅಮ್ಮಾ. ಶನಿವಾರದ ಭಯ, ಅಷ್ಟೇ. ಮುಗಿಸಿ ಮನೆಗೆ ಬರುತ್ತೇನೆ.

ನಿನ್ನ
ತರಲೆ

ಇನ್ನೊಂದು ಮಾತು: ಇದನ್ನು ಬರೆದಿಟ್ಟು ಕೆಳಗೆ ಹೋಗಿ ಬಂದೆ. ಕೋಣೆಯಲ್ಲಿ ದೀಪ ಹಾಕಿದರೆ ಎಡಗಾಲಿನಲ್ಲಿ ಮಾತ್ರ ಚಪ್ಪಲಿ. ಮತ್ತೆ ಇಳಿದು ಹುಡುಕಿದರೆ ಬಲಗಾಲಿನದು ಕಾರಿನ ಪಕ್ಕದಲ್ಲಿ ಬಿದ್ದಿತ್ತು. ಶನಿವಾರ ಓಡಿಸುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿ ಬಂದೆ, ಕಾರಣ ಹೇಳಲಿಲ್ಲ. ಅಪ್ಪ ತಂದ ಕೋಲು ನಿನಗೆ ಬೇಡವಾದರೆ ಯಾರಿಗೂ ಕೊಡಬೇಡ, ನನಗಿರಲಿ.