ಜನವರಿಯ ಕೂಲಿ

ಶಿಶುಪಾಲನಾ ಕೇಂದ್ರದ ಸೌಜನ್ಯ ಮೇಡಂ ಅವರಿಗೆ ರಂಜಿತಾ ಮಾಡುವ ನಮಸ್ಕಾರ.

ನಮ್ಮ ಆದಾಯ ಜಾಸ್ತಿ, ಮಗಳಿಗೆ ಅರ್ಧ ಶುಲ್ಕ ಸಿಗುವುದಿಲ್ಲ ಎಂದು ಬರೆದಿದ್ದೀರಿ. ಎಸ್ಟೇಟಿನಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಕೊಟ್ಟ ಜನವರಿಯ ಕೂಲಿಚೀಟಿಯನ್ನು ಹನ್ನೆರಡರಿಂದ ಗುಣಿಸಿದ್ದೀರಿ. ಕಾಫಿ ಹಣ್ಣು ಕೊಯ್ಯುವ ಕೆಲಸ ಮೂರು ತಿಂಗಳಷ್ಟೇ ಮೇಡಂ. "ಹಾಗಾದ್ರೆ ಕೊಯ್ಲು ಮುಗಿದ್ಮೇಲೆ ಅರ್ಜಿ ಹಾಕಿ" ಎಂದರು ನಿಮ್ಮ ಗುಮಾಸ್ತರು. ಆಗ ನನಗೆ ಕೆಲಸವೇ ಇರುವುದಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಮಾತ್ರ ರಿಯಾಯಿತಿ ಎಂದೂ ಅದೇ ಅರ್ಜಿಯಲ್ಲಿದೆ. ನನಗೆ ತಲೆಬುಡ ತಿಳಿಯುತ್ತಿಲ್ಲ. ನಾನು ಯಾವ ತಿಂಗಳಲ್ಲಿ ಬಡವಳಾಗಿರಬೇಕು, ದಯವಿಟ್ಟು ತಿಳಿಸಿ.

ಗುಮಾಸ್ತರನ್ನು ಕೇಳಲು ಬಂದ ದಿನ ಮಗಳು ಚಪ್ಪಲಿಯನ್ನು ನಿಮ್ಮ ಕೇಂದ್ರದ ಜಗಲಿಯಲ್ಲೇ ಬಿಟ್ಟು ಬಂದಿದ್ದಾಳೆ. ತರೋಣವೆಂದರೆ "ನಾಳೆ ಅಲ್ಲೇ ಬೇಕಲ್ಲಮ್ಮ" ಎನ್ನುತ್ತಾಳೆ. ನಿಮ್ಮ ಉತ್ತರ ಬರುವವರೆಗೆ ಅದು ಅಲ್ಲೇ ಇರಲಿ.

ಇಂತಿ,
ರಂಜಿತಾ
ಎಸ್ಟೇಟ್ ಲೈನ್ ಮನೆ, ಅಮ್ಮತ್ತಿ