ಯವ್ವಾ ಅಂದದ್ದು ನಾನು

ಚೂಡಾಮಣಿ ಅಕ್ಕನಿಗೆ, ಪೂರ್ಣಿ ಮಾಡುವ ನಮಸ್ಕಾರಗಳು.

ಕ್ಷೇಮ ಸಮಾಚಾರ ವಿಚಾರಿಸಿ ಶುರು ಮಾಡಬೇಕೆಂದು ಕೂತೆ, ಕೈ ಬರಲಿಲ್ಲ. ಈ ಕಾಲದಲ್ಲಿ ಯಾರಮ್ಮ ಪತ್ರ ಬರೀತಾರೆ, ಒಂದು ವಾಯ್ಸ್ ನೋಟ್ ಕಳಿಸಬಾರದಿತ್ತಾ ಎಂದು ನೀವು ನಗಬಹುದು. ಕಳಿಸುವುದಿಲ್ಲ. ನನ್ನ ದನಿ ನಿಮ್ಮ ಫೋನಿನಲ್ಲಿ ಈಗಾಗಲೇ ಬೇಕಾದಷ್ಟಿದೆ.

ನನಗೆ ಏಳು ವರ್ಷವಿದ್ದಾಗ ಅವ್ವನ ಸೆರಗು ಹಿಡಿದು ನಿಮ್ಮ ಜಯನಗರದ ಮನೆಗೆ ಬರುತ್ತಿದ್ದೆ. ಬಾಗಲಕೋಟೆಯ ಕಡೆಯಿಂದ ಬಂದು ಸುದ್ದಗುಂಟೆಪಾಳ್ಯದಲ್ಲಿ ಒಂದು ಕೋಣೆ ಹಿಡಿದಿದ್ದವರು ನಾವು. ಅವ್ವ ನಿಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ನಾನು ಹಾಲಿನಲ್ಲಿ ಕೂತು ನೀವು ಸಿನಿಮಾದವರಿಗೆ ದನಿ ಕೊಡಲು ಅಭ್ಯಾಸ ಮಾಡುವುದನ್ನು ನೋಡುತ್ತಿದ್ದೆ. ಒಂದೇ ಬಾಯಲ್ಲಿ ಅತ್ತೆ, ಸೊಸೆ, ತೊಟ್ಟಿಲ ಕೂಸು! ನೀವು ಮನುಷ್ಯರೇ ಅಲ್ಲ ಎಂದುಕೊಂಡಿದ್ದೆ. ಒಂದು ದಿನ ನಿಮ್ಮ ಜೊತೆ ಸ್ಟುಡಿಯೋಗೆ ಬಂದಾಗ ಅಲ್ಲಿದ್ದ ನಿರ್ದೇಶಕರು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹದಿನೈದು ದಿನಕ್ಕೆ ನಾನು ಬೇಬಿ ಪೂರ್ಣಿ ಆಗಿದ್ದೆ. ಇದನ್ನು ಮರೆತಿಲ್ಲ ಅಕ್ಕ. ಮರೆತಿದ್ದರೆ ಇಷ್ಟು ಉರಿಯುತ್ತಲೂ ಇರಲಿಲ್ಲ.

ಶೂಟಿಂಗಿನಲ್ಲಿ ನಾನೇ ಮಾತಾಡುತ್ತಿದ್ದೆ. ತಾಯಿ ಬಸ್ ಹತ್ತಿ ಹೊರಟುಹೋಗುವ ದೃಶ್ಯ, ನಾನು ಹಿಂದೆ ಓಡಬೇಕು. ಕಾಗದದಲ್ಲಿ "ಅಮ್ಮಾ" ಎಂದಿತ್ತು. ಹತ್ತು ಸಲ ಬಾಯಿಪಾಠ ಮಾಡಿಸಿದ್ದರು. ಆದರೆ ಬಸ್ ನಿಜವಾಗಿ ಹೊರಟಿತು ನೋಡಿ, ನನಗೆ ಎದೆ ಧಸಕ್ಕೆಂದು ಬಾಯಿಂದ "ಯವ್ವಾ" ಎಂದೇ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಆ ದನಿ ಬರೀ ಗುರುತಿಗೆ, ಆಮೇಲೆ ಅಳಿಸಿ ಬೇರೆಯವರ ದನಿ ಸೇರಿಸುತ್ತಾರೆ ಎಂಬುದು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಥಿಯೇಟರಿನಲ್ಲಿ. ನಾನು ಪರದೆಯ ಮೇಲೆ ಬಾಯಿ ತೆರೆದೆ, ನೀವು ಮಾತಾಡಿದಿರಿ. ಬಸ್ಸಿನ ದೃಶ್ಯದಲ್ಲಿ ಇಡೀ ಜನ ಮೂಗೊರೆಸಿಕೊಳ್ಳುತ್ತಿದ್ದರೆ ನಾನು ಪರದೆಯ ಮೇಲಿನ ನನ್ನ ತುಟಿಯನ್ನೇ ನೋಡುತ್ತಿದ್ದೆ. "ಅಮ್ಮಾ" ಎನ್ನಲು ತುಟಿ ಮುಚ್ಚಬೇಕು. ನನ್ನದು ಮುಚ್ಚಲೇ ಇಲ್ಲ. "ಅದು ನಂದಲ್ಲ" ಎಂದು ಅವ್ವನ ತೊಡೆಯ ಮೇಲೆ ಬಿದ್ದು ಅತ್ತೆ. ಆಗ ನೀವು ಹಿಂದಿನ ಸಾಲಿನಿಂದ ಬಗ್ಗಿ ನನ್ನ ತಲೆ ಸವರಿ ಹೇಳಿದಿರಿ: "ಮುಖ ನಿಂದು, ದನಿ ನಂದು ಕಣೇ. ಇಬ್ರೂ ಸೇರಿ ಒಬ್ಳು. ಅಳ್ತಾರೇನೇ ಇದಕ್ಕೆ?"

ಆ ಮಾತನ್ನು ನಾನು ನಂಬಿಬಿಟ್ಟೆ.

ನಾಲ್ಕು ಸಿನಿಮಾ ಆಯಿತು. ನಾಲ್ಕರಲ್ಲೂ ನೀವೇ. ಹನ್ನೆರಡಕ್ಕೆ ನಾನು ಉದ್ದಕ್ಕೆ ಬೆಳೆದುಬಿಟ್ಟೆ, ಮುಖದ ಮೇಲೆ ಮೊಡವೆ ಎದ್ದವು, ಕರೆಯುವವರು ನಿಂತರು. ನಿಮ್ಮನ್ನು ಕರೆಯುವುದು ನಿಲ್ಲಲಿಲ್ಲ, ನಿಮ್ಮ ದನಿಗೆ ಮೊಡವೆ ಏಳುವುದಿಲ್ಲವಲ್ಲ. "ಹೊರಗಡೆ ಬೆಂಗಳೂರು ಕನ್ನಡಾನೇ ಮಾತಾಡು ಪೂರ್ಣಿ, ಆಗಾಕತ್ತೈತಿ ಹೋಗಾಕತ್ತೈತಿ ಅಂದ್ರೆ ಹೀರೋಯಿನ್ ಮಾಡ್ತಾರಾ?" ಎಂದು ನೀವೇ ತಿದ್ದಿದಿರಿ. ತಿದ್ದಿಸಿಕೊಂಡೆ. ಮನೆಯಲ್ಲಿ ಅವ್ವನ ಜೊತೆ ಒಂದು ಭಾಷೆ, ಚಪ್ಪಲಿ ಮೆಟ್ಟಿಕೊಂಡ ಮೇಲೆ ಇನ್ನೊಂದು. ಹೀರೋಯಿನ್ನಂತೂ ಆಗಲಿಲ್ಲ. ಎಂಟು ವರ್ಷದಿಂದ ಫೋರ್ತ್ ಬ್ಲಾಕಿನ ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ತೋರಿಸುತ್ತಿದ್ದೇನೆ. ಈಗಲೂ ಯಾರಾದರೂ ನನ್ನ ಮುಖ ದಿಟ್ಟಿಸಿ ನೋಡಿ "ಎಲ್ಲೋ ನೋಡಿದೀನಲ್ಲಾ ನಿಮ್ಮನ್ನ" ಎನ್ನುತ್ತಾರೆ. ನಾನು ಬಾಯಿ ತೆರೆದ ಕೂಡಲೇ "ಇಲ್ಲ ಬಿಡಿ, ಬೇರೆ ಯಾರೋ" ಎಂದು ಸೀರೆಯ ಕಡೆ ತಿರುಗುತ್ತಾರೆ. ಇದನ್ನು ನಿಮಗೆ ಹೇಳಿಕೊಂಡು ಎಷ್ಟು ಸಲ ನಕ್ಕಿದ್ದೇನೆ! ನಗುವಾಗಲೂ ನೋಯುತ್ತಿತ್ತು ಎಂದು ಮಾತ್ರ ಹೇಳಲಿಲ್ಲ.

ಅವ್ವ ತೀರಿಕೊಂಡು ಎರಡು ವರ್ಷ. ಹದಿಮೂರು ದಿನವೂ ನಿಮ್ಮ ಮನೆಯಿಂದ ಊಟದ ಕ್ಯಾರಿಯರ್ ಬಂತು. ಹಾಗಿರುವಾಗ ಕಳೆದ ಮೇ ತಿಂಗಳಲ್ಲಿ ನೀವು ಫೋನ್ ಮಾಡಿ "ಪೂರ್ಣಿ, ನಿಮ್ ಕಡೆ ಮಾತು ಸ್ವಲ್ಪ ಹೇಳ್ಕೊಡೇ, ಒಂದು ಕೆಲಸ ಬಂದಿದೆ" ಎಂದಾಗ ಯಾವ ಕೆಲಸ ಎಂದು ನಾನು ಕೇಳಲೇ ಇಲ್ಲ. ಜೀವಮಾನದಲ್ಲಿ ಮೊದಲ ಸಲ ನೀವು ನನ್ನ ಮಾತು ಬೇಕು ಎಂದಿದ್ದಿರಿ! ಸದ್ದು ಬರಬಾರದೆಂದು ಫ್ಯಾನ್ ಆರಿಸಿ, ಕಿಟಕಿ ಹಾಕಿ, ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ನಲವತ್ತು ವಾಯ್ಸ್ ನೋಟ್ ಕಳಿಸಿದೆ. ಅವ್ವ ಗದರುವುದು, ಅವ್ವ ಲಾಲಿಸುವುದು, ಅವ್ವ ದೇವರನ್ನು ಬೈಯುವುದು. "ಬಾ ಯವ್ವಾ, ಉಣ್ಣಾಕ ಬಾ. ರೊಟ್ಟಿ ಆರಾಕತ್ತಾವು. ಯಾಕ ಮಾರಿ ಸಣ್ಣ ಮಾಡೀಯವ್ವಾ?" ನಿಮಗೆ ಅದು ತಪ್ಪೆನಿಸಿತು. "ತಾಯಿ ಮಗಳನ್ನ ಯವ್ವಾ ಅಂತಾಳೇನೇ? ಉಲ್ಟಾ ಆಯ್ತಲ್ಲ" ಎಂದಿರಿ. ಉಲ್ಟಾ ಅಲ್ಲ ಅಕ್ಕ, ನಮ್ಮಲ್ಲಿ ಮಗಳು ತಾಯಿಗೂ ಯವ್ವಾ ಎನ್ನುತ್ತಾಳೆ, ತಾಯಿ ಮಗಳಿಗೂ ಎನ್ನುತ್ತಾಳೆ, ಮುದ್ದು ಉಕ್ಕಿದಾಗ ಇಬ್ಬರಲ್ಲಿ ತಾಯಿ ಯಾರೆಂದು ನೋಡುವುದಿಲ್ಲ ಎಂದು ವಿವರಿಸಿದೆ. ಆ ನೋಟ್ ಕಳಿಸಿ ಒಬ್ಬಳೇ ಕೂತು ಅತ್ತೆ. ಅವ್ವ ಹೋದ ಮೇಲೆ ನನ್ನನ್ನು ಹಾಗೆ ಕರೆಯುವವರಿರಲಿಲ್ಲ, ನಾನೇ ನನ್ನನ್ನು ಕರೆದುಕೊಂಡಂತಾಗಿತ್ತು.

ಎರಡು ತಿಂಗಳಿಗೆ ವಸಿಷ್ಠ ಎಂಬ ನಿರ್ದೇಶಕರ ಕಡೆಯಿಂದ ಕರೆ ಬಂತು. ವೆಬ್ ಸೀರೀಸು. ಬಾಗಲಕೋಟೆಯಿಂದ ಬಂದು ಬೆಂಗಳೂರಿನ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸಿನ ಪಾತ್ರ. "ಚೂಡಾಮಣಿ ಮೇಡಂ ನಿಮ್ಮ ಹೆಸರು ಹೇಳಿದ್ರು" ಎಂದರು. ಫೋಟೋ ತೆಗೆದರು, ನಡೆಸಿದರು, ಕೂರಿಸಿದರು. ಮಾತಾಡಿಸಲಿಲ್ಲ. ನಾನೂ ಚಪ್ಪಲಿ ಮೆಟ್ಟಿಕೊಂಡ ಭಾಷೆಯಲ್ಲೇ "ಥ್ಯಾಂಕ್ಸ್ ಸಾರ್, ಬರ್ತೀನಿ ಸಾರ್" ಎಂದು ಬಂದೆ. ನಿಮ್ಮ ಮನೆಗೆ ಓಡಿ ಬಂದು ನಿಮ್ಮ ಕಾಲಿಗೆ ಬಿದ್ದೆ, ನೆನಪಿದೆಯೆ? ನೀವು ನನ್ನನ್ನು ಎತ್ತುತ್ತಾ ಆ ಕಡೆ ನೋಡುತ್ತಿದ್ದಿರಿ. ಕಣ್ಣೀರು ಮುಚ್ಚಿಕೊಳ್ಳುತ್ತಿದ್ದೀರಿ ಎಂದುಕೊಂಡೆ, ಎಂಥ ಪೆದ್ದಿ ನಾನು.

ಮೊನ್ನೆ ಸೋಮವಾರ ಬನಶಂಕರಿಯ ಅವರ ಆಫೀಸಿಗೆ ಹೋದೆ. ಧ್ವನಿ ವಿಭಾಗದ ಸುಶ್ರುತ ಎಂಬ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ, "ಮೇಡಂ, ಇದನ್ನ ಕೇಳಿ, ತುಟಿ ಹಿಂಗೇ ಆಡಿಸಿ ಪ್ರಾಕ್ಟೀಸ್ ಮಾಡ್ಕೊಳ್ಳಿ. ಆಮೇಲೆ ಚೂಡಾಮಣಿ ಮೇಡಂ ಡಬ್ ಮಾಡ್ತಾರೆ. ನಿಮ್ಮ ಕನ್ನಡ ಪೂರ್ತಿ ಬೆಂಗಳೂರಾಗೋಗಿದೆ, ದನಿನೂ ಕೂಡಲ್ಲ ಅಂದ್ರಲ್ಲ ಅವ್ರು" ಎಂದ. ಬಟನ್ ಒತ್ತಿದ.

"ಬಾ ಯವ್ವಾ, ಉಣ್ಣಾಕ ಬಾ."

ನನ್ನ ಕೋಣೆ, ನನ್ನ ಸೆಕೆ, ನನ್ನ ಅವ್ವ. ನನ್ನ ದನಿಗೇ ನಾನು ತುಟಿ ಆಡಿಸಬೇಕಂತೆ, ಆಮೇಲೆ ಅದನ್ನು ಅಳಿಸಿ ನಿಮ್ಮದನ್ನು ಹಾಕುತ್ತಾರಂತೆ! "ಇದ್ಯಾರದು?" ಎಂದು ಕೇಳಿದೆ. "ಮೇಡಂ ಮನೆ ಕೆಲಸದೋರಂತೆ. ಸಖತ್ತಾಗಿದೆ ಅಲ್ವಾ? ಸಾರ್ ಇದನ್ನ ದಿನಾ ಕೇಳ್ತಾರೆ."

ಅವ್ವ ನಿಮ್ಮ ಮನೆ ಕೆಲಸದವಳಾಗಿದ್ದಳು. ಅದನ್ನು ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಆದರೆ ನಿಮ್ಮ ಕಣ್ಣೆದುರು ಬೆಳೆದವಳಿಗೆ ಒಂದು ಹೆಸರಿತ್ತಲ್ಲ, ಅದನ್ನು ಹೇಳಲು ನಾಲಿಗೆ ಏಳಲಿಲ್ಲವೆ? ನಿಮಗೆ ಕೆಲಸ ಕಡಿಮೆಯಾಗಿದೆ ಎಂದು ಗೊತ್ತು, ಹೊಸ ಹುಡುಗಿಯರು ಬಂದಿದ್ದಾರೆ ಎಂದೂ ಗೊತ್ತು. "ಪೂರ್ಣಿ, ಈ ಪಾತ್ರದ ದನಿ ನನಗೆ ಬಿಟ್ಟುಕೊಡು" ಎಂದು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ ಅಕ್ಕ, ಅಷ್ಟು ಹುಚ್ಚಿ ನಾನು. ಕೇಳದೆ ತೆಗೆದುಕೊಂಡಿರಿ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಕೂಸು, ಆಗಿನದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಇದು ಬೇರೆ. ಇದು ಮೋಸ.

ವಸಿಷ್ಠ ಅವರು ಕಾಫಿ ಲೋಟ ಹಿಡಿದು ಒಳಗೆ ಬಂದರು. ನಾನು ಲ್ಯಾಪ್‌ಟಾಪಿನ ಸದ್ದು ನಿಲ್ಲಿಸಿ, ಅದು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಿನದನ್ನು ಹೇಳಿದೆ. ರೊಟ್ಟಿ ಆರುವುದು, ಮುಖ ಸಣ್ಣ ಮಾಡುವುದು, ಎಲ್ಲ. ಅವರ ಕೈಯ ಲೋಟ ಅಲ್ಲೇ ನಿಂತಿತು. "ಇನ್ನೊಂದ್ಸಲ ಹೇಳಿ" ಎಂದರು. ಹೇಳಿದೆ. "ಮೇಡಂ, ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?" ಎಂದರು. ನೀವು ಏನು ಮಾಡಿದಿರೆಂದು ನಾನು ಹೇಳಲಿಲ್ಲ. ಅವರೇ ಊಹಿಸಿಕೊಂಡಿರಬೇಕು. ಪಾತ್ರವೂ ನನ್ನದು, ದನಿಯೂ ನನ್ನದು ಎಂದು ಅಲ್ಲೇ ಮಾತಾಯಿತು.

ಗೆದ್ದೆ. ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾ ಫೋನ್ ತೆಗೆದು ಒಂದು ಹೆಸರು ಒತ್ತಿದೆ. ಇಂಥ ಸುದ್ದಿಯನ್ನು ಹೇಳಲು ಅವ್ವ ಹೋದ ಮೇಲೆ ನನಗೆ ಉಳಿದಿರುವುದು ಒಂದೇ ಹೆಸರು. ಎರಡು ಸಲ ರಿಂಗ್ ಆದ ಮೇಲೆ, ಯಾರಿಗೆ ಫೋನ್ ಮಾಡುತ್ತಿದ್ದೇನೆಂದು ತಿಳಿಯಿತು. ಕಟ್ ಮಾಡಿ, ಹೂವಿನವರ ಸಾಲಿನ ನಡುವೆ ನಿಂತು ಗಟ್ಟಿಯಾಗಿ ಅತ್ತೆ.

ನಿಮಗೆ ಒಳ್ಳೆಯದೇ ಆಗಲಿ, ಗಂಟಲು ತಂಪಾಗಿರಲಿ, ಕೈತುಂಬ ಕೆಲಸವಿರಲಿ. ನನಗೆ ಮಾತ್ರ ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ನಾನು ಕ್ಷಮಿಸಿಬಿಡುತ್ತೇನೆ.

ಇಂತಿ,
ಪಾರವ್ವನ ಮಗಳು
ಅನ್ನಪೂರ್ಣ