ಅವ್ವನ ಬೆಳಗಿನ ತಿಂಡಿ

ಮಾರ್ಚ್ 10, ಸೋಮವಾರ

ಬೆಳಕು ಹರಿಯುವ ಮೊದಲೇ ಎದ್ದೆ. ಪ್ರಾರ್ಥನೆ. ಕೀರ್ತನೆ ಎರಡು ಅಧ್ಯಾಯ. ತಣ್ಣೀರು ಸ್ನಾನ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಶುರುವಾದಾಗಿನಿಂದ ಸಂಜೆಯವರೆಗೂ ಬರೀ ನೀರು. ಹೊಟ್ಟೆ ಹೇಳಿದ ಮಾತು ಕೇಳುತ್ತಿದೆ. ಹೋದ ವರ್ಷ ಮೂರನೇ ದಿನಕ್ಕೇ ಮಿರ್ಚಿ-ಮಂಡಕ್ಕಿಗೆ ಸೋತಿದ್ದೆ, ಈ ಸಲ ಹಾಗಾಗಬಾರದು.

ಸುಧಾ ಸ್ಕೂಲಿಗೆ ಹೊರಟಳು, ಹರಿಹರದ ಬಸ್ಸಿಗೆ. ಬಾಗಿಲಲ್ಲಿ ದಿನವೂ ಹೇಳುವ ಮಾತು: "ಅತ್ತೆಗೆ ಮೊದ್ಲು ತಿಂಡಿ, ಆಮ್ಯಾಲೆ ಶುಗರ್ ಮಾತ್ರೆ. ಮರೀಬ್ಯಾಡ್ರಿ." ಮನೆಯಲ್ಲಿ ನನಗೆ ವಹಿಸಿದ ಕೆಲಸ ಇದೊಂದೇ.

ಅವ್ವ ಇವತ್ತು ತಟ್ಟೆ ಸರಿಸಿದಳು. "ನೀನು ಉಪಾಸ ಇದ್ದು, ನಿನ್ನ ಎದುರಿಗೆ ಕುಂತು ನಾನು ಹೆಂಗೆ ತಿನ್ನಲೋ? ನಾನೂ ಇರ್ತೀನಿ."

ಬೇಡ ಅನ್ನಬೇಕಿತ್ತು. "ನಿನ್ನಿಷ್ಟ ಅವ್ವ" ಅಂದೆ. ಎದೆ ಉಬ್ಬಿತು, ಸುಳ್ಳು ಯಾಕೆ ಬರೆಯಲಿ. ಮಾತ್ರೆ ಮಾತ್ರ ಕೊಟ್ಟೆ. ಉಪ್ಪಿಟ್ಟು ಬೀದಿ ನಾಯಿಗೆ ಹಾಕಿ, ಸುಧಾ ಅದನ್ನು ತುಂಬಿಟ್ಟಿದ್ದ ಡಬ್ಬಿ ತೊಳೆದಿಟ್ಟೆ. ಇಲ್ಲದಿದ್ದರೆ ಸುಧಾ ರಂಪ ಮಾಡುತ್ತಾಳೆ.

ಮಾರ್ಚ್ 14, ಶುಕ್ರವಾರ

ಸಂಜೆ ಹರಿಹರದಲ್ಲಿ ಎಸ್ತರಮ್ಮನವರ ಮನೆಯಲ್ಲಿ ಪ್ರಾರ್ಥನಾ ಕೂಟ. ಲೆಂಟಿನಲ್ಲಿ ಶುಕ್ರವಾರ ಬಂತೆಂದರೆ ಸಭೆಯವರ ಒಂದೊಂದು ಮನೆ. ಸುಧಾಗೆ ಪೇಪರ್ ತಿದ್ದುವುದಿತ್ತು, ಬರಲಿಲ್ಲ. ಅವ್ವನನ್ನು ಕರೆದುಕೊಂಡು ಹೋದೆ.

ಹಾಡಾದ ಮೇಲೆ ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತು. ಎದ್ದು ನಿಂತೆ. "ಈ ವಯಸ್ಸಿನಲ್ಲಿ ನಮ್ಮ ತಾಯಿಯವರೂ ಉಪವಾಸ ಹಿಡಿದಿದ್ದಾರೆ. ಮನೆ ಯಜಮಾನ ಶಿಸ್ತಿನಲ್ಲಿದ್ದರೆ ಮನೆಯೆಲ್ಲ ಶಿಸ್ತಿನಲ್ಲಿರುತ್ತದೆ. ದೇವರಿಗೆ ಸ್ತೋತ್ರ."

"ಸ್ತೋತ್ರ, ಸ್ತೋತ್ರ" ಅಂದರು ಎಲ್ಲರೂ. ಎಸ್ತರಮ್ಮ ಅವ್ವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅವ್ವ ನೆಲ ನೋಡುತ್ತಿದ್ದಳು. ವಿನಯ ಅಂದುಕೊಂಡೆ.

ಮಾರ್ಚ್ 19, ಬುಧವಾರ

ಅವ್ವನ ಕೈ ನಡುಗಿ ನೀರಿನ ಲೋಟ ಚೆಲ್ಲಿತು. "ಆಗದಿದ್ರೆ ಬಿಟ್ಬಿಡವ್ವ" ಅಂದೆ — ಬಾಯಿಮಾತಿಗೆ.

"ಅಷ್ಟು ಮಂದಿ ಮುಂದೆ ಹೇಳಿ ಬಂದೀಯಲ್ಲೋ. ಈಗ ಬಿಟ್ರೆ ನಿನ್ನ ಮಾತು ಏನಾತು?"

ಹೌದಲ್ಲ ಅನ್ನಿಸಿತು. ನನಗೆ ಅನುಕೂಲವಾದದ್ದೆಲ್ಲ ನನಗೆ ಬೇಗ ಹೌದನ್ನಿಸುತ್ತದೆ.

ಮಂಡಿಪೇಟೆಯ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿದಾಯತ್‌ಗೂ ಈಗ ರಂಜಾನ್ ರೋಜಾ. ಚಹಾದ ಹೊತ್ತಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತೇವೆ. "ನಮ್ಮ ಅಮ್ಮಿ ತಾನೂ ರೋಜಾ ಇಡ್ತೀನಿ ಅಂತ ಹಟ ಸಾರ್. ಶುಗರ್ ಐತಲ್ಲ, ಬೈದು ತಿನ್ನಿಸಿ ಬಂದೆ" ಅಂದ. ನಾನು ಫೋನ್ ಬಂದವನ ಹಾಗೆ ಎದ್ದು ಹೊರಗೆ ಹೋದೆ.

ಮಾರ್ಚ್ 26, ಬುಧವಾರ. ಆಸ್ಪತ್ರೆಯ ಬೆಂಚಿನ ಮೇಲೆ

ಅವ್ವ ಬಚ್ಚಲ ಬಾಗಿಲಲ್ಲಿ ಬಿದ್ದಳು. ಮೈಯೆಲ್ಲ ಬೆವರು. ಕರೆದರೆ ಮಾತಿಲ್ಲ. ಹಿದಾಯತ್ ಅಂಗಡಿಯ ವ್ಯಾನ್ ತಂದ. ಶುಗರ್ ಪೂರಾ ಇಳಿದುಹೋಗಿತ್ತಂತೆ. ಗ್ಲೂಕೋಸ್ ಏರಿಸಿದ್ದಾರೆ.

ಡಾಕ್ಟರ್ ಕೇಳಿದರು: "ಬೆಳಿಗ್ಗೆ ತಿಂಡಿ ತಿಂದಿದ್ರೇನ್ರಿ?"

"ತಿಂದಿದ್ರು ಸಾರ್."

ಬಾಯಿಂದ ಬಂದುಬಿಟ್ಟಿತು. "ಹಂಗಾದ್ರೆ ಈ ಮಾತ್ರೆ ಅವರಿಗೆ ಆಗ್ತಾ ಇಲ್ಲ. ನಿಲ್ಸಿ ಬ್ಯಾರೆ ನೋಡೋಣ" ಅಂತ ಬರೆದುಕೊಂಡರು. ಅವ್ವಗೆ ಆ ಮಾತ್ರೆ ವರ್ಷಗಟ್ಟಲೆ ಒಗ್ಗಿದೆ. ಬಾಯಿ ಬಿಡಲಿಲ್ಲ. ಕರ್ತನೇ, ನಾನು ಎಂಥ ಮನುಷ್ಯ...

ಮಾರ್ಚ್ 28, ಶುಕ್ರವಾರ

ಅವ್ವ ಎದ್ದು ಕೂತಿದ್ದಾಳೆ. ಮಧ್ಯಾಹ್ನ ಎಸ್ತರಮ್ಮ ಎಳನೀರು ಹಿಡಿದುಕೊಂಡು ಬಂದರು. "ಇಂಥಾ ಉಪಾಸ ಮಾಡಿದ ಜೀವಾನ ದೇವ್ರು ಕೈ ಬಿಡಂಗಿಲ್ಲ ಬಿಡ್ರಿ."

ಕಿತ್ತಳೆ ಸುಲಿಯುತ್ತಿದ್ದ ಸುಧಾಳ ಕೈ ನಿಂತಿತು. "ಯಾರ ಉಪಾಸ್ರಿ?"

"ಅಯ್ಯ, ನಿಮ್ಮ ಯಜಮಾನ್ರೇ ಕೂಟದಾಗ ಎದ್ದು ನಿಂತು ಹೇಳಿದ್ರಲ್ಲವ್ವ."

ಅವರನ್ನು ಸುಧಾ ವಾರ್ಡಿನ ಬಾಗಿಲವರೆಗೂ ಕಳಿಸಿ ಬಂದಳು. ಆಮೇಲೆ ವರಾಂಡಕ್ಕೆ ಕರೆದಳು. ಬೈಯುತ್ತಾಳೆಂದು ಕಾದೆ. "ದಿನಾ ಡಬ್ಬಿ ತೊಳ್ದು ಇಟ್ಟಿರ್ತಿದ್ರಲ್ಲ. ಎಂಥಾ ಒಳ್ಳೇ ಗಂಡ ಅಂದ್ಕೊಂಡಿದ್ದೆ" ಅಂದಳು. ಕೈಯಲ್ಲಿದ್ದ ಕಿತ್ತಳೆ ಸಿಪ್ಪೆ ಬುಟ್ಟಿಗೆ ಹಾಕಿ, "ಡಾಕ್ಟರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ಹೋಗಿ ಹೇಳಿದೆ. ಅವರು ಮೊದಲು ಬರೆದದ್ದನ್ನು ಹೊಡೆದು ಹಾಕಿದರು. "ಈಗಾದ್ರೂ ಹೇಳಿದ್ರಲ್ಲ" ಅಂದರು. ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 11, ಶುಕ್ರವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಅವ್ವ ಮನೆಗೆ ಬಂದು ವಾರದ ಮೇಲಾಯಿತು. ಸುಧಾ ಈಗ ಬಸ್ಸಿಗೆ ಹೋಗುವ ಮೊದಲೇ ಅವ್ವಗೆ ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟೇ ಹೊರಡುತ್ತಾಳೆ. ನನಗೇನೂ ಹೇಳುವುದಿಲ್ಲ. ಬೆಳಿಗ್ಗೆ ನನಗೆ ಕೆಲಸವಿಲ್ಲ. ಪ್ರಾರ್ಥನೆಗೆ ಬೇಕಾದಷ್ಟು ಹೊತ್ತಿದೆ, ಮಂಡಿಯೂರಿದರೆ ಮಾತು ಹೊರಡುವುದಿಲ್ಲ.

ಪಾಸ್ಟರ್ ಫೋನ್ ಮಾಡಿದ್ದರು. ಗರಿಗಳ ಭಾನುವಾರ ಆರಾಧನೆಯಲ್ಲಿ ಅವ್ವ ಗುಣವಾದದ್ದಕ್ಕೆ ಸಾಕ್ಷಿ ಹೇಳಬೇಕಂತೆ. ಎಲ್ಲರ ನಂಬಿಕೆ ಬಲವಾಗುತ್ತದಂತೆ.

ಅವ್ವಗೆ ಹೇಳಿದೆ. "ಬಿದ್ದಿದ್ಲು, ದೇವ್ರು ಎಬ್ಬಿಸ್ದ ಅಂತ ಹೇಳು, ಸಾಕು. ಉಳಿದಿದ್ದು ಮನಿ ಮಾತು" ಅಂದಳು. ಆಸೆಯಾಯಿತು. ಹೇಳಿದರೆ ಅದೂ ಸುಳ್ಳಲ್ಲವಲ್ಲ.

ಆಮೇಲೆ, ಯಾಕೋ, ಕೇಳಿದೆ: "ಅವ್ವ, ಆಗ ಬಾಳ ಹಸಿವು ಆಗ್ತಿತ್ತೇನು?"

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆಗದೆ ಏನು? ಆಗ ಒಂದು ಸಲ ಹಿಂಗೆ ಕೇಳಿದ್ರೆ ಹೇಳ್ತಿದ್ದೆ ಕಣಪ್ಪ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 13, ಗರಿಗಳ ಭಾನುವಾರ, ಮಧ್ಯಾಹ್ನ

ಹೇಳಿದೆ. ಹೆಂಗಸರ ಸಾಲಿನಲ್ಲಿ ಅವ್ವ, ಪಕ್ಕದಲ್ಲಿ ಸುಧಾ. ಎಸ್ತರಮ್ಮ ಸ್ತೋತ್ರ ಅನ್ನಲು ಆಗಲೇ ಕೈ ಎತ್ತಿದ್ದರು.

"ನಮ್ಮವ್ವನಿಗೆ ಹಸಿವಾಗಿತ್ತು. ನಾನು ಕೇಳಲಿಲ್ಲ. ನಿಮ್ಮ ಹತ್ತಿರ ಹೊಗಳಿಸಿಕೊಳ್ಳಲಿಕ್ಕೆ ಅವಳನ್ನು ಉಪವಾಸ ಕೂರಿಸಿದೆ."

ಯಾರೂ ಸ್ತೋತ್ರ ಅನ್ನಲಿಲ್ಲ. ಪಾಸ್ಟರ್ ತಲೆ ತಗ್ಗಿಸಿದರು. ವರಾಂಡದ ಆ ಮಾತಿನ ನಂತರ ಸುಧಾ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು — ಇನ್ನೂ ಹೇಳಲಿ ಎನ್ನುವ ಹಾಗೆ. ಹೇಳುವುದಿತ್ತು. ತಿಂಡಿ ನಾಯಿಗೆ ಹಾಕಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಎಲ್ಲ. ಬಾಯಿ ತೆರೆದೆ.

ಅಷ್ಟರಲ್ಲಿ ಅವ್ವ ಕೂತಲ್ಲಿಂದಲೇ, ಸಭೆಗೆಲ್ಲ ಕೇಳುವಂತೆ: "ಸಾಕು ಬಿಡೋ ಮಗಾ, ಬಂದು ಕೂಡು."

ಮತ್ತೆ ನನ್ನನ್ನೇ ಉಳಿಸಿದಳು. ನಾನೂ ಬಂದು ಕೂತುಬಿಟ್ಟೆ. ಕೂತಾಗ ಎಷ್ಟು ಹಾಯೆನಿಸಿತೆಂದರೆ, ನನಗೇ ನಾಚಿಕೆಯಾಯಿತು.